ಮೆಷಿನ್ ಆಮೇಲೆ, ಮೊದಲು ತೋಳು ಅಳೆಯಿರಿ: ಮನೆಗೆ ಯಾವ ಬಿಪಿ ಯಂತ್ರ ತರಬೇಕು?

"ಭಟ್ರೇ, ಇದ್ದುದರಲ್ಲಿ ಒಳ್ಳೆಯದು ಯಾವುದೋ ಅದನ್ನೇ ಕೊಡಿ, ರೇಟು ನೋಡ್ಬೇಡಿ" ಎನ್ನುತ್ತ ಹೋಟೆಲಿನ ಶೆಟ್ಟರು ನಮ್ಮ ಮೆಡಿಕಲ್ ಅಂಗಡಿಗೆ ಬಂದಾಗ ಮಧ್ಯಾಹ್ನ ಮೂರೂವರೆ. ಮಾಟುಂಗಾದ ಝಡ್ ಬ್ರಿಜ್ ಹತ್ತಿ ಇಳಿದು ಬಂದಿದ್ದರು, ಕರವಸ್ತ್ರ ಇನ್ನೂ ಕತ್ತಿನ ಮೇಲಿತ್ತು. ನಾನು ಗಾಜಿನ ಕಪಾಟು ತೆರೆಯಲಿಲ್ಲ. ಡ್ರಾಯರಿನಿಂದ ಟೈಲರ್ ಟೇಪು ತೆಗೆದೆ. "ಅಂಗಿ ಹೊಲಿಸ್ಲಿಕ್ಕೆ ಬಂದದ್ದಲ್ಲ ಮಾರಾಯ್ರೇ" ಎಂದರು. ಭುಜದ ಎಲುಬಿಗೂ ಮೊಣಕೈ ತುದಿಗೂ ನಟ್ಟನಡುವೆ ತೋಳಿನ ಸುತ್ತಳತೆ ತೆಗೆದರೆ 37 ಸೆಂಟಿಮೀಟರ್. ಅವರು ಬೆರಳು ಮಾಡಿ ತೋರಿಸಿದ್ದ ದುಬಾರಿ ಡಬ್ಬಿಯ ಬದಿಯಲ್ಲಿ ಕಫ್‌ನ, ಅಂದರೆ ತೋಳಿಗೆ ಸುತ್ತುವ ಪಟ್ಟಿಯ ಅಳತೆ 22ರಿಂದ 32 ಎಂದು ಅಚ್ಚಾಗಿತ್ತು. ಅಂಗಡಿಯಲ್ಲಿದ್ದ ಅತಿ ಒಳ್ಳೆಯ ಮೆಷಿನ್ ಅವರ ಪಾಲಿಗೆ ದಿನಾ ಸುಳ್ಳು ಹೇಳುವ ಮೆಷಿನ್ ಆಗುತ್ತಿತ್ತು.

ಇಪ್ಪತ್ತು ವರ್ಷಕ್ಕೂ ಮೇಲೆ ಈ ಕೌಂಟರಿನ ಹಿಂದೆ ನಿಂತು ನಾನು ಕಲಿತದ್ದು ಇಷ್ಟು: ಜನ ಯಂತ್ರ ಕೊಳ್ಳುತ್ತಾರೆ, ಕೊಳ್ಳಬೇಕಾದದ್ದು ಪಟ್ಟಿಯನ್ನು. ತೋಳಿಗೆ ಸುತ್ತುವ ಆ ಬಟ್ಟೆಯ ಕಫ್ ಸರಿಯಿದ್ದರೆ ಎರಡು ಸಾವಿರದ ಸಾದಾ ಯಂತ್ರ ಸಾಕು. ಅದು ಸರಿಯಿಲ್ಲದಿದ್ದರೆ ಬ್ಲೂಟೂತು, ಬಣ್ಣದ ಪರದೆ, ಮಾತಾಡುವ ಹೆಣ್ಣುದನಿ ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಎಲ್ಲಿ ನೋಡಿಸುವುದು?

ಯಂತ್ರ ಬೇಕೇ ಬೇಡವೇ ಎನ್ನುವುದೇ ಮೊದಲ ಪ್ರಶ್ನೆ. ಮುಂಬಯಿಯಲ್ಲಿ ಬಿಪಿ ನೋಡಿಸಲು ಜಾಗಕ್ಕೆ ಬರವಿಲ್ಲ. ಗಲ್ಲಿಗೊಂದು ದವಾಖಾನೆ, ನಾಕಾಕ್ಕೊಂದು ಮೆಡಿಕಲ್, ನಮ್ಮ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ನಡೆಸುವ ಆರೋಗ್ಯ ಶಿಬಿರ. ಆದರೆ ಮೆಡಿಕಲ್ಲಿನಲ್ಲಿ ಸಿಗುವ ಅಂಕಿಯನ್ನು ನಾನೇ ನಂಬುವುದಿಲ್ಲ. ಗಿರಾಕಿ ಸೇತುವೆ ಇಳಿದು ಬಂದಿರುತ್ತಾನೆ, ನಿಂತೇ ಕೈ ಚಾಚುತ್ತಾನೆ, ಹಿಂದಿನಿಂದ ಇನ್ನೊಬ್ಬ "ಕ್ರೋಸಿನ್ ಹೈ ಕ್ಯಾ?" ಎನ್ನುತ್ತಿರುತ್ತಾನೆ. ಆ ಗಳಿಗೆಯಲ್ಲಿ 160 ಬಂದರೆ ಅದು ಬಿಪಿಯೋ ಬ್ರಿಜ್ಜೋ ಹೇಳುವುದು ಹೇಗೆ?

ಡಾಕ್ಟರ ಕೋಣೆಯದು ಬೇರೆಯೇ ಕತೆ. ಅಲ್ಲಿ ಕೂತ ಕೂಡಲೇ ಕೆಲವರ ಎದೆ ಹೊಡೆದುಕೊಳ್ಳುತ್ತದೆ, ಅಂಕಿ ಏರುತ್ತದೆ, ಮನೆಗೆ ಬಂದರೆ ಎಲ್ಲ ಸಮ. ವೈದ್ಯರು ಇದಕ್ಕೆ ಬಿಳಿ ಕೋಟಿನ ಬಿಪಿ ಎನ್ನುತ್ತಾರೆ. ಇದರ ತಿರುಗುಮುರುಗು ಇನ್ನೂ ಕೆಟ್ಟದ್ದು. ದವಾಖಾನೆಯಲ್ಲಿ 128, ಅದೇ ಮನುಷ್ಯನಿಗೆ ಕೆಲಸದ ಜಾಗದಲ್ಲಿ, ಮನೆಯಲ್ಲಿ 145. ಅಡಗಿ ಕೂತ ಈ ಬಿಪಿ ಹೃದಯಕ್ಕೂ ಮೂತ್ರಪಿಂಡಕ್ಕೂ ಮಾಡುವ ಹಾನಿ ಎದ್ದು ಕಾಣುವ ಬಿಪಿಯಷ್ಟೇ ಇರುತ್ತದೆ, ಆದರೆ ಯಾರೂ ಮಾತ್ರೆ ಬರೆಯುವುದಿಲ್ಲ. ಇದು ಹೊರಗೆ ಬರುವುದು ಮನೆಯ ಅಳತೆಯಲ್ಲಿ, ಇಲ್ಲವೇ 24 ಗಂಟೆಯ ಅಳತೆಯಲ್ಲಿ ಮಾತ್ರ.

ಮನೆಯ ಅಂಕಿಗೂ ದವಾಖಾನೆಯ ಅಂಕಿಗೂ ಗೆರೆ ಒಂದೇ ಅಲ್ಲ, ಇದನ್ನು ಬಹಳ ಜನ ಮರೆಯುತ್ತಾರೆ. ಡಾಕ್ಟರಲ್ಲಿ 140/90 ಇದ್ದರೆ ಹೈ ಎನ್ನುತ್ತಾರಲ್ಲ, ಮನೆಯಲ್ಲಿ ಅದಕ್ಕೆ ಸಾಟಿಯಾದದ್ದು ಸರಾಸರಿ 135/85. ಅಮೆರಿಕದವರು 2017ರಿಂದ ಗೆರೆಯನ್ನು 130/80ಕ್ಕೇ ಇಳಿಸಿದ್ದಾರೆ, ಹಾಗಾಗಿ ಅಲ್ಲಿರುವ ಮಗ ಫೋನಿನಲ್ಲಿ ಹೇಳುವುದಕ್ಕೂ ಇಲ್ಲಿಯ ಡಾಕ್ಟರು ಹೇಳುವುದಕ್ಕೂ ತಾಳೆಯಾಗದಿದ್ದರೆ ಗಾಬರಿ ಬೇಡ. ಮನೆಯಲ್ಲಿ 137 ನೋಡಿ "140 ದಾಟಲಿಲ್ಲ, ಪರವಾಗಿಲ್ಲ" ಎಂದುಕೊಳ್ಳುವುದು ಮಾತ್ರ ತಪ್ಪು ಲೆಕ್ಕ.

ಆರು ಬಗೆ, ಆಯ್ಕೆ ಒಂದು

ಪಾದರಸದ್ದು ಈಗಲೂ ಕೇಳುವವರಿದ್ದಾರೆ, ಹೆಚ್ಚಾಗಿ ನಿವೃತ್ತ ಮೇಷ್ಟ್ರುಗಳು. ಇಟಲಿಯ ರೀವಾ-ರೊಚ್ಚಿ 1896ರಲ್ಲಿ ತೋಳಿಗೆ ಗಾಳಿಪಟ್ಟಿ ಕಟ್ಟಿ ಪಾದರಸ ಏರಿಸಿದ. 1905ರಲ್ಲಿ ರಷ್ಯದ ಕೊರೊಟ್ಕಾಫ್ ಆ ಪಟ್ಟಿಯ ಕೆಳಗೆ ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳಿದ. ನೂರು ವರ್ಷ ಅದೇ ಚಿನ್ನದಂಥ ಅಳತೆ. ಆದರೆ ಪಾದರಸ ವಿಷ. ಅದರ ಬಳಕೆ ತಗ್ಗಿಸುವ 2013ರ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. ಹಳೆಯದು ಮನೆಯಲ್ಲಿದ್ದರೆ ಮೊಮ್ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಹೊಸದಾಗಿ ಹುಡುಕಿಕೊಂಡು ಹೋಗಬೇಡಿ.

ಗಡಿಯಾರದಂಥ ಮುಳ್ಳಿರುವ ಅನೆರಾಯ್ಡ್ ಅಗ್ಗ, ಹಗುರ. ಕಿವಿ ಚುರುಕಾಗಿರಬೇಕು, ಕೈ ಪಳಗಿರಬೇಕು, ತನ್ನದೇ ತೋಳಿಗೆ ತಾನೇ ಸ್ಟೆತಸ್ಕೋಪ್ ಇಟ್ಟುಕೊಳ್ಳುವ ಸರ್ಕಸ್ ಬೇರೆ. ಒಮ್ಮೆ ಕೆಳಗೆ ಬಿದ್ದರೆ ಮುಳ್ಳು ತಪ್ಪುತ್ತದೆ, ತಪ್ಪಿದ್ದು ಗೊತ್ತಾಗುವುದೂ ಇಲ್ಲ. ಮನೆಯಲ್ಲಿ ನರ್ಸ್ ಇದ್ದರೆ ಸರಿ.

ಮಣಿಕಟ್ಟಿನದು ನೋಡಲು ಮುದ್ದು. ಹುಟ್ಟುಹಬ್ಬಕ್ಕೆ ಅಪ್ಪನಿಗೆ ಕೊಡಲು ಮಕ್ಕಳು ಹೆಚ್ಚು ಒಯ್ಯುವುದು ಇದನ್ನೇ. ತೊಂದರೆ ಎಲ್ಲಿ ಎಂದರೆ, ಮಣಿಕಟ್ಟು ಹೃದಯದ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ ಅಂಕಿ ಸುಮಾರು 8ರಷ್ಟು ಮೇಲೇರುತ್ತದೆ, ಮೇಲಿದ್ದರೆ ಅಷ್ಟೇ ಇಳಿಯುತ್ತದೆ. ಅದು ಯಂತ್ರದ ದೋಷವಲ್ಲ, ನೀರಿನ ಟಾಕಿಯ ನಿಯಮ. ಮೇಲಿನ ಮಾಳಿಗೆಯ ನಲ್ಲಿಗಿಂತ ಕೆಳಗಿನದರಲ್ಲಿ ರಭಸ ಹೆಚ್ಚಿರುತ್ತದಲ್ಲ, ಹಾಗೆ. ಮಣಿಕಟ್ಟನ್ನು ಎದೆಯ ಮಟ್ಟದಲ್ಲಿ ಅಲುಗಾಡದಂತೆ ಹಿಡಿಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಆದರೂ ಇದನ್ನು ಪೂರಾ ತಳ್ಳಿಹಾಕಲಾರೆ. ತೋಳು ತೀರಾ ದಪ್ಪವಿದ್ದು ಯಾವ ಕಫ್ಫೂ ಕೂರದವರಿಗೆ, ಸ್ತನದ ಶಸ್ತ್ರಚಿಕಿತ್ಸೆಯ ಬಳಿಕ ತೋಳು ಊದಿಕೊಂಡು ಪಟ್ಟಿ ಬಿಗಿಯಬಾರದು ಎಂದು ವೈದ್ಯರು ಹೇಳಿದವರಿಗೆ ಇದೇ ಗತಿ. ಬೆರಳಿಗೆ ಸಿಕ್ಕಿಸುವ ಬಿಪಿ ಮೆಷಿನ್ ಬೇಡ. ಕ್ಯಾಮರಾದ ಮೇಲೆ ಬೆರಳಿಟ್ಟರೆ ಬಿಪಿ ಹೇಳುತ್ತೇನೆ ಎನ್ನುವ ಆ್ಯಪ್ ಜ್ಯೋತಿಷ್ಯಕ್ಕೆ ಹತ್ತಿರ.

ವಾಚುಗಳ ಬಗ್ಗೆ ಇಂದಿನ ಹುಡುಗರು ಹೆಚ್ಚು ಕೇಳುತ್ತಾರೆ. ಬಹುತೇಕ ವಾಚುಗಳು ರಕ್ತದೊತ್ತಡವನ್ನು ನೇರ ಅಳೆಯುವುದಿಲ್ಲ, ಚರ್ಮದ ಕೆಳಗಿನ ನಾಡಿಯ ಅಲೆಯನ್ನು ಬೆಳಕಿನಿಂದ ನೋಡಿ ಅಂದಾಜು ಕಟ್ಟುತ್ತವೆ. ಸ್ಯಾಮ್‌ಸಂಗ್ ವಾಚಿನ ಬಿಪಿ ಸೌಲಭ್ಯ 28 ದಿನಕ್ಕೊಮ್ಮೆ ತೋಳಿನ ಕಫ್ ಯಂತ್ರದ ಜೊತೆ ಹೊಂದಿಸಿಕೊಳ್ಳಿ ಎಂದು ತಾನೇ ಹೇಳುತ್ತದೆ. ಅಂದರೆ ವಾಚು ಕೊಂಡರೂ ಕಫ್ ಯಂತ್ರ ತಪ್ಪಿದ್ದಲ್ಲ. ಪಟ್ಟಿಯಿಲ್ಲದ ಇಂಥ ಸಾಧನಗಳನ್ನು ನಂಬಿ ಬಿಪಿ ಇದೆ ಇಲ್ಲ ಎಂದು ತೀರ್ಮಾನಿಸಬೇಡಿ ಎಂಬುದು ಯುರೋಪಿನ ಹೈಪರ್‌ಟೆನ್ಷನ್ ಸೊಸೈಟಿಯ 2022ರ ಸಲಹೆ. ನಡಿಗೆ ಎಣಿಸಲು, ನಿದ್ದೆ ನೋಡಲು ವಾಚು ಕಟ್ಟಿಕೊಳ್ಳಿ, ಬೇಡ ಎನ್ನುವವರು ಯಾರು.

24 ಗಂಟೆ ಕಟ್ಟಿಕೊಂಡು ತಿರುಗುವ ಯಂತ್ರವನ್ನು ಕೊಳ್ಳುವುದಿಲ್ಲ, ಹೃದಯ ತಜ್ಞರ ಕೇಂದ್ರದಲ್ಲಿ ಒಂದು ದಿನಕ್ಕೆ ಕಟ್ಟಿ ಕಳಿಸುತ್ತಾರೆ. ಹಗಲು 15ರಿಂದ 30 ನಿಮಿಷಕ್ಕೊಮ್ಮೆ, ರಾತ್ರಿ ಇನ್ನಷ್ಟು ಅಂತರದಲ್ಲಿ ತಾನೇ ಉಬ್ಬುತ್ತದೆ. ನಿದ್ದೆಯಲ್ಲಿ ಬಿಪಿ ಇಳಿಯುತ್ತದೋ ಇಲ್ಲವೋ ಎಂದು ಪೂರ್ತಿ ತೋರಿಸುವುದು ಇದೊಂದೇ, ರಾತ್ರಿಯ ಸರಾಸರಿ 120/70ಕ್ಕಿಂತ ಕೆಳಗಿರಬೇಕು. ಡೊಂಬಿವಲಿಯ ಗಿರಾಕಿಯೊಬ್ಬರು ಇದನ್ನು ಕಟ್ಟಿಕೊಂಡು ಬೆಳಗಿನ ಫಾಸ್ಟ್ ಲೋಕಲ್ ಹತ್ತಿದರು. ಉಬ್ಬುವಾಗ ಕೈ ಅಲುಗಿಸಬಾರದು ಎಂದಿದ್ದರಂತೆ. ಆ ಗರ್ದಿಯಲ್ಲಿ ಕೈ ಅವರದೇ ಎಂದು ಗುರುತಿಸುವುದೇ ಕಷ್ಟ, ಹತ್ತಾರು ಅಳತೆ ಹಾಳಾಗಿ ಇನ್ನೊಂದು ದಿನ ಕಟ್ಟಿಸಿಕೊಂಡರು. ರಜೆಯ ದಿನ ಕಟ್ಟಿಸಿದರೆ ಕೆಲಸದ ಒತ್ತಡ ಕಾಣುವುದಿಲ್ಲ, ಕೆಲಸದ ದಿನ ಕಟ್ಟಿಸಿದರೆ ಲೋಕಲ್ ಬಿಡುವುದಿಲ್ಲ. ಆ ಒಂದು ದಿನ ರಿಕ್ಷಾಕ್ಕೆ ಖರ್ಚು ಮಾಡಿ ಎನ್ನುತ್ತೇನೆ ನಾನು.

ಉಳಿದದ್ದು ಮೇಲ್ತೋಳಿನ ಡಿಜಿಟಲ್ ಯಂತ್ರ. ಮನೆಗೆ ಇದೇ. ಇದರಲ್ಲಿ ಯಾವುದು ಎನ್ನುವುದೇ ನಿಜವಾದ ಪ್ರಶ್ನೆ.

ಮೇಲ್ತೋಳಿನವುಗಳಲ್ಲಿ ಆಯುವುದು

ಈ ಯಂತ್ರ ಸದ್ದು ಕೇಳುವುದಿಲ್ಲ. ಕಫ್ ಉಬ್ಬಿ ಗಾಳಿ ಬಿಡುವಾಗ ರಕ್ತನಾಳದ ಮಿಡಿತ ಪಟ್ಟಿಯೊಳಗಿನ ಗಾಳಿಯನ್ನು ಸಣ್ಣಗೆ ನಡುಗಿಸುತ್ತದೆ. ಆ ನಡುಕ ಎಲ್ಲಿ ಹೆಚ್ಚು ಎಂದು ನೋಡಿ, ಕಂಪನಿ ತುಂಬಿಟ್ಟ ಸೂತ್ರದಿಂದ ಮೇಲಿನ ಮತ್ತು ಕೆಳಗಿನ ಅಂಕಿಗಳನ್ನು ಲೆಕ್ಕ ಹಾಕುತ್ತದೆ. ಆ ಸೂತ್ರ ಕಂಪನಿಯ ಗುಟ್ಟು, ಮಾದರಿಯಿಂದ ಮಾದರಿಗೆ ಬದಲಾಗಬಹುದು. ಹಾಗಾಗಿ "ಕಂಪನಿ ದೊಡ್ಡದು, ಹಾಗಾದರೆ ಸರಿ" ಎನ್ನುವ ಹಾಗಿಲ್ಲ. ಕೈಯಲ್ಲಿರುವ ಡಬ್ಬಿಯ ಮಾದರಿಯ ನಂಬರೇ ಪರೀಕ್ಷೆಯಲ್ಲಿ ಪಾಸಾಗಿರಬೇಕು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಕನಿಷ್ಠ 85 ಜನರ ಮೇಲೆ, ನುರಿತ ಇಬ್ಬರು ಸ್ಟೆತಸ್ಕೋಪಿನಲ್ಲಿ ಕೇಳಿ ತೆಗೆದ ಅಂಕಿಯ ಪಕ್ಕ ಯಂತ್ರದ ಅಂಕಿ ಇಟ್ಟು ನೋಡುತ್ತಾರೆ. ಸರಾಸರಿ ವ್ಯತ್ಯಾಸ 5ರೊಳಗಿರಬೇಕು. ಹೀಗೆ ಪಾಸಾದ ಮಾದರಿಗಳ ಪಟ್ಟಿಯನ್ನು ಸ್ಟ್ರೈಡ್ ಬಿಪಿ ಎಂಬ ಅಂತರರಾಷ್ಟ್ರೀಯ ತಜ್ಞರ ಸಂಸ್ಥೆ ಪುಕ್ಕಟೆಯಾಗಿ ನೆಟ್ಟಿನಲ್ಲಿ ಇಟ್ಟಿದೆ. ಅಂಗಡಿಯಲ್ಲಿ ನಿಂತೇ ಮೊಬೈಲಿನಲ್ಲಿ ಹುಡುಕಿ. ಗಿರಾಕಿ ಹಾಗೆ ಹುಡುಕಿದರೆ ನನ್ನಂಥವನಿಗೆ ಬೇಸರವಿಲ್ಲ, ಬೇಸರ ಮಾಡಿಕೊಳ್ಳುವ ಅಂಗಡಿಯಾದರೆ ಎದ್ದು ಬನ್ನಿ. ಗರ್ಭಿಣಿಯರಿಗೆ ತರುವುದಾದರೆ ಗರ್ಭಾವಸ್ಥೆಗೇ ಬೇರೆಯಾಗಿ ಪರೀಕ್ಷೆಯಾದದ್ದು ಬೇಕು, ಆ ಪಟ್ಟಿಯಲ್ಲಿ ಅದನ್ನೂ ಗುರುತಿಸಿದ್ದಾರೆ.

ಇನ್ನು ಕಫ್. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಸುಮಾರು ಶೇ. 80ರಷ್ಟು ಉದ್ದ ಇರಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ನಾಳವನ್ನು ಅಮುಕಲು ಹೆಚ್ಚು ಒತ್ತಡ ಬೇಕಾಗುತ್ತದೆ, ಯಂತ್ರ ಅದನ್ನೇ ಬಿಪಿ ಎಂದು ಬರೆಯುತ್ತದೆ. ಅಮೆರಿಕದ ಬಾಲ್ಟಿಮೋರಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೊಡ್ಡ ಕಫ್ ಬೇಕಾದವರಿಗೆ ಸಾಮಾನ್ಯ ಕಫ್ ಕಟ್ಟಿದಾಗ ಮೇಲಿನ ಅಂಕಿ ಸರಾಸರಿ 5ರ ಹತ್ತಿರ ಹೆಚ್ಚು ಬಂತು. ಅತಿ ದೊಡ್ಡ ಕಫ್ ಬೇಕಾದವರಿಗೆ ಆ ಸಾಮಾನ್ಯ ಕಫ್ಫನ್ನೇ ಕಟ್ಟಿದಾಗ 19.5 ಹೆಚ್ಚು ಬಂತು. ಇಪ್ಪತ್ತು ಅಂದರೆ ಇನ್ನೊಂದು ಮಾತ್ರೆ. ತೋಳು ತೆಳುವಾಗಿದ್ದು ಪಟ್ಟಿ ದೊಡ್ಡದಾದರೆ ತಿರುಗುಮುರುಗು, ನಿಜಕ್ಕಿಂತ ಕಡಿಮೆ ತೋರಿಸುತ್ತದೆ. 22ರಿಂದ 42ರವರೆಗೆ ಹೊಂದುವ ಅಗಲ ವ್ಯಾಪ್ತಿಯ ಕಫ್‌ಗಳೂ ಬಂದಿವೆ. ಗಂಡ ದಪ್ಪ, ಹೆಂಡತಿ ಸಣ್ಣ ಇರುವ ಮನೆಗೆ ಅದು ಅನುಕೂಲ, ಅಥವಾ ಬೇರೆ ಕಫ್ ಸಿಕ್ಕಿಸಲು ಬರುವ ಮಾದರಿ ತೆಗೆದುಕೊಳ್ಳಿ. ಕಫ್ ಮಾತ್ರ ಆ ಕಂಪನಿಯದೇ ಇರಲಿ.

ಮಿಕ್ಕ ಸೌಲಭ್ಯಗಳಲ್ಲಿ ನೆನಪು ಇಟ್ಟುಕೊಳ್ಳುವ ಯಂತ್ರ ಒಳ್ಳೆಯದು, ಇಬ್ಬರಿಗೆ ಬೇರೆ ಬೇರೆ ನೆನಪಿದ್ದರೆ ಇನ್ನೂ ಒಳ್ಳೆಯದು. ನಾಡಿ ಏರುಪೇರಾದರೆ ಗುರುತು ತೋರಿಸುವ ಸೌಲಭ್ಯ ಈಗ ಸಾದಾ ಯಂತ್ರದಲ್ಲೂ ಬರುತ್ತದೆ. ಆ ಗುರುತು ಒಮ್ಮೆ ಬಂದರೆ ಕೈ ಅಲುಗಿರಬಹುದು, ಮತ್ತೆ ಮತ್ತೆ ಬಂದರೆ ಡಾಕ್ಟರಲ್ಲಿ ಹೋಗಿ ಇಸಿಜಿ ಮಾಡಿಸಿ, ನಾಡಿ ತಾಳ ತಪ್ಪಿದವರಲ್ಲಿ ಡಿಜಿಟಲ್ ಅಂಕಿ ಅಷ್ಟು ನೆಚ್ಚುವಂಥದಲ್ಲ. ಬ್ಲೂಟೂತ್ ಊರಿನಲ್ಲಿರುವ ಅಮ್ಮನ ಬಿಪಿಯನ್ನು ಇಲ್ಲಿಂದ ನೋಡುವ ಮಕ್ಕಳಿಗೆ ಮಾತ್ರ. ಮಳೆಗಾಲದಲ್ಲಿ ಯಂತ್ರ ಬಳಸದೆ ಇಡುವುದಾದರೆ ಸೆಲ್ ತೆಗೆದಿಡಿ. ಮುಂಬಯಿಯ ಹವೆಗೆ ಸೆಲ್ ಸೋರಿ ತಾಮ್ರದ ತುದಿ ಹಸಿರುಗಟ್ಟಿದ ಎಷ್ಟೋ ಯಂತ್ರಗಳು ನನ್ನ ಕೌಂಟರಿಗೆ ವಾಪಸ್ ಬಂದಿವೆ. ವರ್ಷಕ್ಕೊಮ್ಮೆ ಡಾಕ್ಟರಲ್ಲಿ ಹೋಗುವಾಗ ಯಂತ್ರವನ್ನೂ ಒಯ್ದು ಅವರದಕ್ಕೆ ತಾಳೆ ಹಾಕಿ.

ಕೂರುವ ರೀತಿ

ಶೆಟ್ಟರಿಗೆ ದೊಡ್ಡ ಕಫ್ಫಿನದು ಕೊಟ್ಟು ಕಳಿಸಿದೆ. ಎರಡನೇ ದಿನವೇ ಫೋನ್: "ಭಟ್ರೇ, ನಿಮ್ಮ ಮೆಷಿನ್ ಹಾಳು. ಒಮ್ಮೆ 154, ಒಮ್ಮೆ 139." ಎಲ್ಲಿ ಕೂತು ತೆಗೆದಿರಿ ಎಂದು ಕೇಳಿದೆ. ಸೋಫಾದಲ್ಲಿ, ಕಾಲ ಮೇಲೆ ಕಾಲು ಹಾಕಿ, ಕೈ ತೊಡೆಯ ಮೇಲೆ, ಎದುರಿಗೆ ಟಿವಿಯಲ್ಲಿ ಮ್ಯಾಚು, ಒಂದು ಕಪ್ ಫಿಲ್ಟರ್ ಕಾಫಿ ಆಗಷ್ಟೇ ಮುಗಿದದ್ದು. ಮೆಷಿನ್ನಿನದು ತಪ್ಪಿರಲಿಲ್ಲ.

ಕೈಯನ್ನು ಮೇಜಿನ ಮೇಲೆ ಇಡುವುದಕ್ಕೂ ತೊಡೆಯ ಮೇಲೆ ಇಡುವುದಕ್ಕೂ ಮೇಲಿನ ಅಂಕಿಯಲ್ಲಿ ಸುಮಾರು 4ರ ವ್ಯತ್ಯಾಸ, ಜೋತುಬಿಟ್ಟರೆ ಆರೂವರೆ ಎಂದು 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಅಳೆದು ತೋರಿಸಿದೆ. ಕಾಲ ಮೇಲೆ ಕಾಲು, ತುಂಬಿದ ಮೂತ್ರಚೀಲ, ಮಾತು ಇವೆಲ್ಲ ತಂತಮ್ಮ ಪಾಲು ಸೇರಿಸುತ್ತವೆ. ಹಾಗಾಗಿ ಅರ್ಧ ಗಂಟೆ ಮೊದಲಿಂದ ಕಾಫಿ, ಚಹಾ, ಬೀಡಿ, ವ್ಯಾಯಾಮ ಬೇಡ. ಮೂತ್ರ ಮಾಡಿ ಬಂದು ಬೆನ್ನಿಗೆ ಆನಿಕೆ ಇರುವ ಕುರ್ಚಿಯಲ್ಲಿ ಕೂತು, ಪಾದ ಎರಡೂ ನೆಲಕ್ಕೂರಿ, ಐದು ನಿಮಿಷ ಸುಮ್ಮನಿರಿ. ಕಫ್ ಬರಿ ತೋಳಿಗೆ, ಬನಿಯನ್ ತೋಳು ಮಡಚಿ ಅದರ ಮೇಲೆ ಅಲ್ಲ. ನಮ್ಮ ಒಂದು ಕೋಣೆ ಅಡುಗೆಮನೆಯ ಸಂಸಾರದಲ್ಲಿ ಸರಿಯಾದ ಎತ್ತರದ ಮೇಜು ಎಲ್ಲಿಂದ ಬರಬೇಕು? ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಪಕ್ಕದಲ್ಲಿ ಇನ್ನೊಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಎರಡು ದಿಂಬು ಪೇರಿಸಿ ಕೈ ಇಟ್ಟರೆ ಕಫ್ ಎದೆಯ ನಡುಮಟ್ಟಕ್ಕೆ ಬರುತ್ತದೆ. ಟೀಪಾಯಿ ತಗ್ಗು, ಅದು ಬೇಡ.

ಮೊದಲ ಸಲ ಎರಡೂ ತೋಳು ನೋಡಿ, ಹೆಚ್ಚು ಬರುವ ತೋಳೇ ಮುಂದೆ ಖಾಯಂ. ಎರಡಕ್ಕೂ 10-15ರ ವ್ಯತ್ಯಾಸ ಮತ್ತೆ ಮತ್ತೆ ಬಂದರೆ ಅದನ್ನೂ ಡಾಕ್ಟರಿಗೆ ಹೇಳಬೇಕು, ರಕ್ತನಾಳ ಎಲ್ಲೋ ಕಿರಿದಾಗಿರಬಹುದು. ಆಮೇಲೆ ಡಾಕ್ಟರಲ್ಲಿಗೆ ಹೋಗುವ ಮುಂಚಿನ ಏಳು ದಿನ, ಬೆಳಿಗ್ಗೆ ಮಾತ್ರೆಗೂ ತಿಂಡಿಗೂ ಮೊದಲು ಎರಡು ಸಲ, ರಾತ್ರಿ ಮಲಗುವ ಮುಂಚೆ ಎರಡು ಸಲ, ನಡುವೆ ಒಂದು ನಿಮಿಷದ ಬಿಡುವು. ಮೊದಲ ದಿನದ ನಾಲ್ಕು ಅಂಕಿ ಬಿಟ್ಟು ಉಳಿದ 24ರ ಸರಾಸರಿಯೇ ನಿಮ್ಮ ಬಿಪಿ. 154 ಅಲ್ಲ, 139 ಅಲ್ಲ. ಹೋಟೆಲಿನ ರಾತ್ರಿಪಾಳಿಯವರಿಗೆ ಬೆಳಿಗ್ಗೆ ಎಂದರೆ ಅವರು ಏಳುವ ಹೊತ್ತು. ದಿನಕ್ಕೆ ಹತ್ತು ಸಲ ನೋಡುವವರೂ ಇದ್ದಾರೆ, ಅವರ ಬಿಪಿಗೆ ಮೆಷಿನ್ನೇ ಕಾರಣ. ಅಂಥವರಿಂದ ಮೆಷಿನ್ ತೆಗೆದು ಹೆಂಡತಿಯ ಕಪಾಟಿನಲ್ಲಿಡಿ ಎಂದಿದ್ದೇನೆ.

ಕೌಂಟರಿನವನಾಗಿ ಒಂದು ಮಾತು ಸೇರಿಸಲೇಬೇಕು. ಮೊಣಕಾಲು ನೋವಿಗೆ ನೀವೇ ಬಂದು ಕೇಳಿ ಒಯ್ಯುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬಿಪಿ ಏರಿಸುತ್ತವೆ, ಶೀತಕ್ಕೆ ಮೂಗು ಬಿಡಿಸುವ ಕೆಲವು ಮಾತ್ರೆಗಳೂ ಅಷ್ಟೇ. ಆ ವಾರ ಅವನ್ನು ತಿಂದಿದ್ದರೆ ಪುಸ್ತಕದಲ್ಲಿ ಬರೆಯಿರಿ. ಬಿಪಿ ಮಾತ್ರೆಯನ್ನು ಮಾತ್ರ ಅಂಕಿ ಚೆನ್ನಾಗಿ ಬಂತು ಎಂದು ನೀವೇ ನಿಲ್ಲಿಸಬೇಡಿ, ಮಾತ್ರೆಯಿಂದಲೇ ಅದು ಚೆನ್ನಾಗಿ ಬಂದದ್ದು.

ಬಿಪಿ ಗೊತ್ತಾಯಿತು, ಹೃದಯದ ಗತಿ?

ಇಲ್ಲಿಂದ ಮುಂದೆ ಹೋಲಿಕೆ ಯಂತ್ರಗಳದ್ದಲ್ಲ, ಲೆಕ್ಕಗಳದ್ದು. 148 ಅಂಕಿ ಒಂದೇ ಆದರೂ ಎಲ್ಲರಿಗೂ ಅದರ ಅರ್ಥ ಒಂದೇ ಅಲ್ಲ. ಐವತ್ತು ವರ್ಷದ, ದಿನಕ್ಕೆ ಒಂದು ಕಟ್ಟು ಬೀಡಿ ಸೇದುವ, ಶುಗರ್ ಇರುವ ಭಟ್ಟಿಯ ಅಡುಗೆಯವನಿಗೆ 148 ಎಂದರೆ ಒಂದು. ಅದೇ ವಯಸ್ಸಿನ, ಏನೂ ಚಟವಿಲ್ಲದ, ಸ್ಟೇಷನ್ನಿಗೆ ನಡೆದೇ ಹೋಗುವ ಟೀಚರಮ್ಮನಿಗೆ 148 ಎಂದರೆ ಇನ್ನೊಂದು. ಮುಂದಿನ ಹತ್ತು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಬರುವ ಸಾಧ್ಯತೆ ಎಷ್ಟು ಎಂದು ಹೇಳುವ ಕೋಷ್ಟಕಗಳು ಹುಟ್ಟಿದ್ದು ಈ ವ್ಯತ್ಯಾಸ ತಿಳಿಯಲಿಕ್ಕೆ.

ಅವುಗಳಲ್ಲಿ ಹೆಸರುವಾಸಿ ಫ್ರೇಮಿಂಗ್‌ಹ್ಯಾಮ್. ಅಮೆರಿಕದ ಆ ಹೆಸರಿನ ಊರಿನಲ್ಲಿ 1948ರಲ್ಲಿ ಶುರುವಾದ ಅಧ್ಯಯನದಿಂದ ಬಂದದ್ದು. ಆದರೆ ಆ ಜನ ಬಹುಪಾಲು ಬಿಳಿಯರು, ನಮ್ಮ ಲೆಕ್ಕಕ್ಕೆ ಅಷ್ಟು ಕೂರುವುದಿಲ್ಲ. 2023ರಲ್ಲಿ ಅಮೆರಿಕದ ಹಾರ್ಟ್ ಅಸೋಸಿಯೇಷನ್ ತಂದ ಪ್ರಿವೆಂಟ್ ಲೆಕ್ಕ 30ರ ವಯಸ್ಸಿನಿಂದಲೇ ನಡೆಯುತ್ತದೆ, ಮೂತ್ರಪಿಂಡದ ಸ್ಥಿತಿಯನ್ನೂ ಕೇಳುತ್ತದೆ. ಬ್ರಿಟನ್ನಿನ ಕ್ಯೂರಿಸ್ಕ್ 3ರಲ್ಲಿ 'ಭಾರತೀಯ' ಎಂದು ಗುರುತು ಹಾಕುವ ಜಾಗವಿದೆ, ಅಲ್ಲಿಗೆ ಹೋಗಿ ನೆಲೆಸಿದ ನಮ್ಮವರ ಅಂಕಿಗಳಿಂದ ಕಟ್ಟಿದ್ದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಜಗತ್ತನ್ನು 21 ಭಾಗ ಮಾಡಿ ದಕ್ಷಿಣ ಏಷ್ಯಾಕ್ಕೇ ಬೇರೆ ಕೋಷ್ಟಕ ಕೊಟ್ಟಿತು. ಅದರಲ್ಲಿ ಎರಡು ಬಗೆ: ಕೊಲೆಸ್ಟರಾಲ್, ಶುಗರ್ ವರದಿ ಬೇಕಾದದ್ದು ಒಂದು, ರಕ್ತಪರೀಕ್ಷೆಯೇ ಇಲ್ಲದೆ ವಯಸ್ಸು, ಲಿಂಗ, ಧೂಮಪಾನ, ಮೇಲಿನ ಬಿಪಿ, ತೂಕ-ಎತ್ತರದ ಲೆಕ್ಕ ಇಷ್ಟರಿಂದ ನೋಡುವುದು ಇನ್ನೊಂದು. ಹಸಿರು, ಹಳದಿ, ಕೆಂಪು ಮನೆಗಳಿರುವ ಈ ಕೋಷ್ಟಕ 40ರಿಂದ 74 ವಯಸ್ಸಿನವರಿಗೆ. ಮನೆಯಲ್ಲೇ ಕೂತು ಒಂದು ಅಂದಾಜು ಬೇಕೆನ್ನುವವರಿಗೆ ನಾನು ತೋರಿಸುವುದು ಇದನ್ನೇ. ನಲ್ವತ್ತರೊಳಗಿನವರಿಗೆ ಪ್ರಿವೆಂಟ್. ಯಾವುದರಲ್ಲೂ ಒಂದು ಶರತ್ತು: ಒಮ್ಮೆ ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು, ಪಾರ್ಶ್ವವಾಯು ಆದವರು ಇದನ್ನು ನೋಡಲೇಬಾರದು. ಅವರು ಆಗಲೇ ಕೆಂಪು ಮನೆಯಲ್ಲಿದ್ದಾರೆ.

ನಮ್ಮವರ ಅಪಾಯ ಯಾಕೆ ಬೇರೆ ಎನ್ನುವುದಕ್ಕೆ ಇಂಟರ್‌ಹಾರ್ಟ್ ಅಧ್ಯಯನ ನೋಡಬೇಕು. 52 ದೇಶಗಳಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ್ದು. ಮುಂದಾಳು ಸಲೀಂ ಯೂಸುಫ್, ಕೇರಳದವರು, ವೈದ್ಯಕೀಯ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ. ಬಿಪಿ, ತಂಬಾಕು, ಕೊಬ್ಬು, ಶುಗರ್, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ ಹೀಗೆ ಒಂಬತ್ತು ಸಂಗತಿಗಳೇ ಮೊದಲ ಹೃದಯಾಘಾತದ ಅಪಾಯದಲ್ಲಿ ಶೇ. 90ರಷ್ಟನ್ನು ವಿವರಿಸುತ್ತವೆ ಎಂದು ಅದು ತೋರಿಸಿತು. ಅದೇ ಅಂಕಿಗಳನ್ನು ಮತ್ತೆ ಜಾಲಾಡಿದಾಗ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ಕ್ಕೆ, ಬೇರೆ ದೇಶದವರಿಗೆ 59ರ ಹತ್ತಿರ ಎಂದು ಕಂಡಿತು. ಆರು ವರ್ಷ ಮೊದಲು. ನಮ್ಮ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು ಎಂಬ ಬಿಗಿ ಗೆರೆ ಇರುವುದಕ್ಕೂ ಕಾರಣ ಇದೇ ಜಾಡಿನದು. ಟೈಲರ್ ಟೇಪು ಅಂಗಡಿಯಲ್ಲಿ ಎರಡು ಕೆಲಸಕ್ಕೆ ಬರುತ್ತದೆ.

'ಫುಲ್ ಬಾಡಿ ಚೆಕಪ್' ಪ್ಯಾಕೇಜಿನ ಬಗ್ಗೆ ಕೇಳುವವರಿಗೆ: ವಿಶ್ರಾಂತಿಯಲ್ಲಿ ತೆಗೆದ ಇಸಿಜಿ ಸರಿಯಿದೆ ಎಂದರೆ ಆ ಗಳಿಗೆಯಲ್ಲಿ ಸರಿಯಿದೆ ಎಂದಷ್ಟೇ, ಹತ್ತು ವರ್ಷದ ಗ್ಯಾರಂಟಿ ಅಲ್ಲ. ಅಪ್ಪ ಅಥವಾ ಅಣ್ಣನಿಗೆ 55ರೊಳಗೆ, ಅಮ್ಮ ಅಥವಾ ಅಕ್ಕನಿಗೆ 65ರೊಳಗೆ ಹೃದಯಾಘಾತ ಆಗಿದ್ದರೆ ಲೈಪೊಪ್ರೋಟೀನ್ ಎ ಎಂಬ ರಕ್ತಪರೀಕ್ಷೆಯನ್ನು ಆಯುಷ್ಯದಲ್ಲಿ ಒಮ್ಮೆ ಮಾಡಿಸುವುದು ಆ ಇಡೀ ಪ್ಯಾಕೇಜಿಗಿಂತ ಮೇಲು. ಅದು ವಂಶದಿಂದ ಬರುವುದು, ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದರೆ ಅಪಾಯ ಹೆಚ್ಚು. ಲೆಕ್ಕ ಹಸಿರಿಗೂ ಕೆಂಪಿಗೂ ನಡುವೆ ನಿಂತು ಕೊಲೆಸ್ಟರಾಲ್ ಮಾತ್ರೆ ಬೇಕೋ ಬೇಡವೋ ಎಂದು ಡಾಕ್ಟರೇ ತೂಗುವಾಗ ಸಿಟಿ ಸ್ಕ್ಯಾನಿನಿಂದ ಹೃದಯದ ನಾಳದ ಸುಣ್ಣ ಎಣಿಸುವ ಕ್ಯಾಲ್ಸಿಯಂ ಸ್ಕೋರ್ ಉಪಯೋಗಕ್ಕೆ ಬರುತ್ತದೆ. ಸೊನ್ನೆ ಬಂದರೆ ನೆಮ್ಮದಿ, ಆದರೆ ಬೀಡಿ ಸೇದುವವನಿಗೆ ಆ ನೆಮ್ಮದಿ ಪೂರ್ತಿ ಅಲ್ಲ.

ಲೆಕ್ಕ, ಪುಸ್ತಕ ಎಲ್ಲ ಬದಿಗಿಟ್ಟು ಓಡಬೇಕಾದ ಹೊತ್ತೂ ಇದೆ. ಅಂಕಿ 180/120 ದಾಟಿದರೆ ಐದು ನಿಮಿಷ ಕೂತು ಮತ್ತೆ ನೋಡಿ. ಮತ್ತೂ ಹಾಗೇ ಇದ್ದು ಬೇರೇನೂ ತೊಂದರೆ ಇಲ್ಲದಿದ್ದರೆ ಅಂದೇ ಡಾಕ್ಟರಿಗೆ ಫೋನ್ ಮಾಡಿ. ಜೊತೆಗೆ ಎದೆನೋವು, ಉಸಿರು ಕಟ್ಟುವುದು, ಮಾತು ತೊದಲುವುದು, ಒಂದು ಬದಿ ಬಲ ಕಳೆದುಕೊಳ್ಳುವುದು, ಕಣ್ಣು ಮಂಜಾಗುವುದು ಇದ್ದರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ. ಎದೆನೋವಿದ್ದು ಬಿಪಿ ಸರಿಯಿದ್ದರೂ ಹೊರಡಿ. "ಗ್ಯಾಸ್ ಆಗಿರಬೇಕು, ಒಂದು ಈನೋ ಕೊಡಿ" ಎಂದು ಎದೆ ತಿಕ್ಕುತ್ತ ಬೆವರಿ ಬಂದವರಿಗೆ ನಾನು ಈನೋ ಕೊಡುವುದಿಲ್ಲ, ಕುರ್ಚಿ ಕೊಟ್ಟು ಟ್ಯಾಕ್ಸಿ ಕರೆಯುತ್ತೇನೆ.

ಹತ್ತು ದಿನ ಬಿಟ್ಟು ಶೆಟ್ಟರು ಮತ್ತೆ ಬಂದರು, ಜೊತೆಗೆ ಅವರ ಹೆಂಡತಿಯೂ. ಹೋಟೆಲಿನ ಬಿಲ್ ಪುಸ್ತಕದ ಹಿಂಬದಿಯಲ್ಲಿ ಶೆಟ್ಟರ ಅಂಕಿಗಳು ನೀಲಿ ಶಾಯಿಯಲ್ಲಿ ಸಾಲಾಗಿದ್ದವು, ಸರಾಸರಿ 138/84. ಅದರ ಪಕ್ಕದಲ್ಲಿ ಪೆನ್ಸಿಲಿನ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಬೆಳೆದಿತ್ತು. 146, 149, 144, 151. "ಅದು ನಂದು. ಇವರದ್ದು ತೆಗೆದಾದ ಮೇಲೆ ಸುಮ್ನೆ ನೋಡಿಕೊಂಡದ್ದು. ನನಗೆ ಬಿಪಿ ಗಿಪಿ ಏನಿಲ್ಲ" ಎಂದರು ಅಕ್ಕ. ಕೊನೆಯ ಸಲ ಡಾಕ್ಟರು ನೋಡಿದ್ದು ಯಾವಾಗ ಎಂದರೆ ಕಿರಿಯ ಮಗಳನ್ನು ಹೆತ್ತ ಬಾಣಂತನದಲ್ಲಿ, ಆ ಮಗಳಿಗೆ ಈಗ ಮದುವೆಯಾಗಿದೆ. ಟೇಪು ತೆಗೆದು ಅವರ ತೋಳು ಅಳೆದೆ. 24. ಶೆಟ್ಟರ ದೊಡ್ಡ ಪಟ್ಟಿ ಆ ತೋಳಿಗೆ ಒಂದು ಸುತ್ತು ಮುಗಿದು ಮೇಲೆ ಉಳಿಯುತ್ತದೆ, ನಿಜವಾದ ಅಂಕಿ ಪೆನ್ಸಿಲಿನದಕ್ಕಿಂತ ಮೇಲೆಯೇ ಇರಬೇಕು. ಶೆಟ್ಟರು ಪುಸ್ತಕವನ್ನು ಒಮ್ಮೆ, ಹೆಂಡತಿಯನ್ನು ಒಮ್ಮೆ ನೋಡಿದರು. ಆಮೇಲೆ ಕಿಸೆಗೆ ಕೈ ಹಾಕಿ, "ಸಣ್ಣ ಪಟ್ಟಿ ಒಂದು ಕೊಡಿ ಭಟ್ರೇ. ಡಾಕ್ಟ್ರಲ್ಲಿ ಇವತ್ತೇ ಇಬ್ಬರದ್ದೂ ನಂಬರ್ ಹಚ್ಚುತ್ತೇನೆ" ಎಂದರು.